ತುರ್ತು ಸಂದರ್ಭಗಳಲ್ಲಿ ಪ್ರಥಮ ಚಿಕಿತ್ಸೆ: ಶಂಕರಘಟ್ಟ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರಿಗೆ ಮಾಹಿತಿ

1. ಪ್ರಥಮ ಚಿಕಿತ್ಸೆ ಎಂದರೇನು?

ಅಪಘಾತ, ಹಾವು ಕಡಿತ, ನೀರಿನಲ್ಲಿ ಮುಳುಗುವಿಕೆ, ವಿದ್ಯುತ್ ಆಘಾತ, ಹೃದಯ ಸ್ತಂಭನ ಮೊದಲಾದ ತುರ್ತು ಸಂದರ್ಭಗಳಲ್ಲಿ ವೈದ್ಯಕೀಯ ನೆರವು ದೊರೆಯುವವರೆಗೆ, ಸ್ಥಳದಲ್ಲಿರುವವರು ಕೈಗೆ ದೊರೆತ ಸಾಧನಗಳಿಂದಲೇ ನೀಡುವ ತಾತ್ಕಾಲಿಕ ಆರೈಕೆಯನ್ನು ಪ್ರಥಮ ಚಿಕಿತ್ಸೆ ಎಂದು ಕರೆಯಲಾಗುತ್ತದೆ. ಇದರ ಉದ್ದೇಶಗಳು ಮೂರು: ಜೀವವನ್ನು ಉಳಿಸುವುದು, ಸ್ಥಿತಿ ಇನ್ನಷ್ಟು ಹದಗೆಡದಂತೆ ತಡೆಯುವುದು ಮತ್ತು ಚೇತರಿಕೆಗೆ ನೆರವಾಗುವುದು. ಪ್ರಥಮ ಚಿಕಿತ್ಸೆಯು ವೈದ್ಯರ ಚಿಕಿತ್ಸೆಗೆ ಪರ್ಯಾಯವಲ್ಲ. ರೋಗಿಯು ವೈದ್ಯರ ಕೈ ಸೇರುವವರೆಗಿನ ಅವಧಿಯನ್ನು ಕಾಪಾಡುವ ಸೇತುವೆ ಮಾತ್ರ.

2. ಶಂಕರಘಟ್ಟದ ನಿವಾಸಿಗಳಿಗೆ ಇದು ಏಕೆ ಮುಖ್ಯ?

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟವು ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣವಿರುವ ಊರು. ಇಲ್ಲಿಂದ ಭದ್ರಾವತಿಯು ಸುಮಾರು 18 ಕಿ.ಮೀ. ಹಾಗೂ ಶಿವಮೊಗ್ಗ ನಗರವು ಸುಮಾರು 28 ಕಿ.ಮೀ. ದೂರದಲ್ಲಿವೆ. ತಾಲ್ಲೂಕು ಮಟ್ಟದ ಸಾರ್ವಜನಿಕ ಆಸ್ಪತ್ರೆಯು ಭದ್ರಾವತಿಯಲ್ಲಿಯೂ, ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಯು ಶಿವಮೊಗ್ಗದಲ್ಲಿಯೂ ಇವೆ.

ಈ ದೂರದ ಅರ್ಥವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಭದ್ರಾವತಿಯಿಂದ ಹೊರಟ ವಾಹನವು ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಲ್ಲಿಯೂ ನಿಲ್ಲದೆ ಬಂದರೂ ಶಂಕರಘಟ್ಟವನ್ನು ತಲುಪಲು 18 ನಿಮಿಷಗಳು ಬೇಕು. ಆದರೆ ಹೃದಯದ ಬಡಿತ ನಿಂತ ವ್ಯಕ್ತಿಯ ಮೆದುಳಿಗೆ ಆಮ್ಲಜನಕ ದೊರೆಯದೆ ಹೋದಲ್ಲಿ 4ರಿಂದ 6 ನಿಮಿಷಗಳೊಳಗೆ ಹಾನಿ ಆರಂಭವಾಗುತ್ತದೆ. ಎದೆ ಒತ್ತುವ ನೆರವು ದೊರೆಯದ ಪ್ರತಿಯೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆಯು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಆದುದರಿಂದ ಈ ಅಂತರವನ್ನು ತುಂಬಬೇಕಾದವರು ಮನೆಯವರು, ನೆರೆಹೊರೆಯವರು, ಸಹಪಾಠಿಗಳು, ತೋಟದ ಕೆಲಸಗಾರರು ಹಾಗೂ ದಾರಿಹೋಕರೇ ಆಗಿರುತ್ತಾರೆ.

ಈ ಪ್ರದೇಶದ ಅಪಾಯಗಳಿಗೂ ತಮ್ಮದೇ ಸ್ವರೂಪವಿದೆ. ಭದ್ರಾ ಜಲಾಶಯ ಮತ್ತು ಅದರ ನಾಲೆಗಳು ಸಮೀಪದಲ್ಲಿವೆ. ಭದ್ರಾ ಅಭಯಾರಣ್ಯದ ಅಂಚಿನ ಕಾಡು, ಅಡಿಕೆ ತೋಟ ಹಾಗೂ ಭತ್ತದ ಗದ್ದೆಗಳಲ್ಲಿ ಹಾವುಗಳ ಸಂಚಾರವಿದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಮರದಿಂದ ಬೀಳುವ ಮತ್ತು ಲೋಹದ ದೋಟಿಯು ವಿದ್ಯುತ್ ತಂತಿಗೆ ತಗಲುವ ಭಯವಿರುತ್ತದೆ. ಈ ಲೇಖನದಲ್ಲಿ ಇಂತಹ ಸಂದರ್ಭಗಳಿಗೆ ಆದ್ಯತೆ ನೀಡಲಾಗಿದೆ.

3. ಮೊದಲ ಎರಡು ನಿಮಿಷಗಳಲ್ಲಿ ಮಾಡಬೇಕಾದುದು

ತುರ್ತು ಸಂದರ್ಭ ಯಾವುದೇ ಆಗಿರಲಿ, ಈ ಕೆಳಗಿನ ಕ್ರಮವನ್ನು ಅನುಸರಿಸುವುದು.

(ಅ) ಸ್ಥಳದ ಸುರಕ್ಷತೆ: ಮೊದಲು ತಮ್ಮ ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳಬೇಕು. ರಸ್ತೆಯಲ್ಲಿ ಹಿಂದಿನಿಂದ ಬರುವ ವಾಹನ, ತುಂಡಾಗಿ ಬಿದ್ದ ವಿದ್ಯುತ್ ತಂತಿ, ಹರಿಯುವ ನೀರು, ಇನ್ನೂ ಸ್ಥಳದಲ್ಲಿಯೇ ಇರಬಹುದಾದ ಹಾವು ಇವುಗಳನ್ನು ಗಮನಿಸದೆ ಮುನ್ನುಗ್ಗಿದಲ್ಲಿ ಒಬ್ಬರ ಬದಲು ಇಬ್ಬರು ಅಪಾಯಕ್ಕೆ ಒಳಗಾಗುತ್ತಾರೆ.

(ಆ) ಪ್ರಜ್ಞೆ: ಭುಜವನ್ನು ತಟ್ಟಿ ಗಟ್ಟಿಯಾಗಿ ಕೂಗಿ ಕರೆಯಬೇಕು. ಉತ್ತರ ನೀಡಿದಲ್ಲಿ ಅಥವಾ ಅಲುಗಾಡಿದಲ್ಲಿ ಪ್ರಜ್ಞೆಯಿದೆ ಎಂದು ತಿಳಿಯಬೇಕು.

(ಇ) ಉಸಿರಾಟ: ಪ್ರಜ್ಞೆಯಿಲ್ಲದಿದ್ದಲ್ಲಿ ಅಂಗಾತ ಮಲಗಿಸಿ, ಹಣೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ಗಲ್ಲವನ್ನು ಮೇಲೆತ್ತಿ ಉಸಿರಿನ ದಾರಿಯನ್ನು ತೆರೆಯಬೇಕು. ಎದೆಯ ಏರಿಳಿತವನ್ನು 10 ಸೆಕೆಂಡುಗಳಿಗೆ ಮೀರದಂತೆ ಗಮನಿಸಬೇಕು. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುವುದು ಸರಿಯಾದ ಉಸಿರಾಟವಲ್ಲ. ಅದನ್ನು ಉಸಿರು ನಿಂತಂತೆಯೇ ಪರಿಗಣಿಸಬೇಕು.

(ಈ) ಕರೆ: ಜೊತೆಯಲ್ಲಿ ಇನ್ನೊಬ್ಬರಿದ್ದಲ್ಲಿ ಅವರನ್ನು ಹೆಸರಿಟ್ಟು ಅಥವಾ ಬೆರಳು ತೋರಿಸಿ ಕರೆದು, 108 ಸಂಖ್ಯೆಗೆ ದೂರವಾಣಿ ಮಾಡಲು ತಿಳಿಸಬೇಕು. "ಯಾರಾದರೂ ಫೋನ್ ಮಾಡಿ" ಎಂದು ಗುಂಪಿಗೆ ಹೇಳಿದಲ್ಲಿ ಯಾರೂ ಮಾಡದೆ ಉಳಿಯುವುದುಂಟು.

(ಉ) ಭಂಗಿ: ಪ್ರಜ್ಞೆ ಇಲ್ಲದೆ ಉಸಿರಾಟವು ಸರಿಯಾಗಿದ್ದು, ಬೆನ್ನು ಅಥವಾ ಕುತ್ತಿಗೆಗೆ ಪೆಟ್ಟಾದ ಸಂಶಯವಿಲ್ಲದಿದ್ದಲ್ಲಿ ವ್ಯಕ್ತಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಇದರಿಂದ ವಾಂತಿಯಾದರೂ ಅದು ಉಸಿರುನಾಳಕ್ಕೆ ಇಳಿಯುವುದಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಸೋಡ ಮುಂತಾದ ಯಾವುದನ್ನೂ ಹಾಕಬಾರದು.

4. 108 ಸಂಖ್ಯೆಗೆ ಕರೆ ಮಾಡುವ ವಿಧಾನ

ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಸೇವೆಯು "ಆರೋಗ್ಯ ಕವಚ" ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಈ ಸೇವೆಯು ಉಚಿತ. ಪೊಲೀಸ್ ಹಾಗೂ ಅಗ್ನಿಶಾಮಕ ನೆರವು ಸಹ ಬೇಕಾದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು. ಕರೆ ಮಾಡುವವರು ಈ ಕೆಳಗಿನ ವಿವರಗಳನ್ನು ಕ್ರಮವಾಗಿ ನೀಡತಕ್ಕದ್ದು.

- ಜಿಲ್ಲೆ, ತಾಲ್ಲೂಕು, ಗ್ರಾಮದ ಹೆಸರು ಮತ್ತು ಸಮೀಪದ ಗುರುತು (ಶಾಲೆ, ದೇವಸ್ಥಾನ, ಸೇತುವೆ, ಬಸ್ ನಿಲ್ದಾಣ)
- ಏನಾಗಿದೆ ಮತ್ತು ಎಷ್ಟು ಹೊತ್ತಿಗೆ ಆಗಿದೆ
- ಎಷ್ಟು ಮಂದಿಗೆ ತೊಂದರೆಯಾಗಿದೆ, ಅವರ ಅಂದಾಜು ವಯಸ್ಸು
- ಪ್ರಜ್ಞೆ ಮತ್ತು ಉಸಿರಾಟ ಇದೆಯೇ, ರಕ್ತ ಹರಿಯುತ್ತಿದೆಯೇ
- ಮರಳಿ ಕರೆಯಬಹುದಾದ ದೂರವಾಣಿ ಸಂಖ್ಯೆ

ಶಂಕರಘಟ್ಟದಿಂದ ಕರೆ ಮಾಡುವವರು "ವಿಶ್ವವಿದ್ಯಾಲಯದ ಹತ್ತಿರ" ಎಂದಷ್ಟೇ ಹೇಳಿದಲ್ಲಿ ವಾಹನ ಚಾಲಕರಿಗೆ ಸ್ಥಳ ತಿಳಿಯುವುದಿಲ್ಲ. ಆವರಣದೊಳಗಾದಲ್ಲಿ ವಿಭಾಗದ ಅಥವಾ ವಿದ್ಯಾರ್ಥಿನಿಲಯದ ಹೆಸರನ್ನೂ, ಹೊರಗಾದಲ್ಲಿ ಯಾವ ರಸ್ತೆಯ ಯಾವ ತಿರುವು ಎಂಬುದನ್ನೂ ಹೇಳಬೇಕು. ಮುಖ್ಯ ರಸ್ತೆಯಲ್ಲಿ ಒಬ್ಬರನ್ನು ನಿಲ್ಲಿಸಿ ವಾಹನಕ್ಕೆ ದಾರಿ ತೋರಿಸುವುದರಿಂದ ಅಮೂಲ್ಯ ನಿಮಿಷಗಳು ಉಳಿಯುತ್ತವೆ. ಅತ್ತಲಿನವರು ಹೇಳುವವರೆಗೆ ಕರೆಯನ್ನು ಕಡಿತಗೊಳಿಸಬಾರದು. ವಾಹನ ಬರುವವರೆಗೆ ಏನು ಮಾಡಬೇಕೆಂದು ಅವರಿಂದ ಸಲಹೆ ಪಡೆಯಬಹುದು.

5. ಉಸಿರು ಹಾಗೂ ಹೃದಯ ಬಡಿತ ನಿಂತಾಗ

ಪ್ರಜ್ಞೆಯಿಲ್ಲದೆ ಸರಿಯಾದ ಉಸಿರಾಟವೂ ಇಲ್ಲದಿದ್ದಲ್ಲಿ ಕೂಡಲೇ ಎದೆ ಒತ್ತುವಿಕೆಯನ್ನು ಆರಂಭಿಸಬೇಕು. ಇದನ್ನೇ ಸಿ.ಪಿ.ಆರ್. ಎನ್ನುತ್ತಾರೆ.

1. ವ್ಯಕ್ತಿಯನ್ನು ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಿ ಪಕ್ಕದಲ್ಲಿ ಮಂಡಿಯೂರಬೇಕು. ಹಾಸಿಗೆ ಅಥವಾ ಮಂಚದ ಮೇಲೆ ಒತ್ತಿದರೆ ಪ್ರಯೋಜನವಾಗದು.
2. ಎದೆಯ ಮಧ್ಯಭಾಗದ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಹಿಮ್ಮಡಿಯನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಡಬೇಕು.
3. ಮೊಣಕೈ ಬಾಗಿಸದೆ, ದೇಹದ ಭಾರವನ್ನು ಬಳಸಿ ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತಬೇಕು, 6 ಸೆಂ.ಮೀ. ಮೀರಬಾರದು.
4. ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಸಲವೂ ಎದೆಯು ಪೂರ್ತಿಯಾಗಿ ಮೇಲೇರಲು ಬಿಡಬೇಕು.
5. ತರಬೇತಿ ಪಡೆದವರು 30 ಬಾರಿ ಒತ್ತಿದ ನಂತರ 2 ಬಾರಿ ಬಾಯಿಯಿಂದ ಉಸಿರು ನೀಡಬಹುದು. ತರಬೇತಿ ಇಲ್ಲದವರು ನಿಲ್ಲಿಸದೆ ಒತ್ತುತ್ತಲೇ ಇರುವುದು ಸಾಕು.
6. ಇಬ್ಬರಿದ್ದಲ್ಲಿ ಪ್ರತಿ 2 ನಿಮಿಷಕ್ಕೊಮ್ಮೆ ಬದಲಾಯಿಸಿಕೊಳ್ಳಬೇಕು. ದಣಿದವರ ಒತ್ತುವಿಕೆಯು ಅರಿವಿಲ್ಲದೆಯೇ ಮೇಲುಮೇಲಾಗುತ್ತದೆ.

ವ್ಯಕ್ತಿಯು ಉಸಿರಾಡತೊಡಗುವವರೆಗೆ ಅಥವಾ ಆಂಬ್ಯುಲೆನ್ಸ್ ಸಿಬ್ಬಂದಿ ವಹಿಸಿಕೊಳ್ಳುವವರೆಗೆ ನಿಲ್ಲಿಸಬಾರದು. ಮಕ್ಕಳಲ್ಲಿ ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು, ಒಂದು ವರ್ಷದೊಳಗಿನ ಶಿಶುಗಳಲ್ಲಿ ಸುಮಾರು 4 ಸೆಂ.ಮೀ. ಒತ್ತಬೇಕು. ಪಕ್ಕೆಲುಬು ಮುರಿದೀತೆಂಬ ಭಯದಿಂದ ಹಿಂಜರಿಯಬಾರದು; ಪಕ್ಕೆಲುಬು ಕೂಡಿಕೊಳ್ಳುತ್ತದೆ, ನಿಂತ ಹೃದಯವು ತಾನಾಗಿ ಚಾಲನೆಗೊಳ್ಳುವುದಿಲ್ಲ.

ಹೃದಯಾಘಾತದ ಸೂಚನೆಗಳು: ಎದೆಯ ನಡುವೆ ಹಿಂಡಿದಂತಹ ನೋವು, ಆ ನೋವು ಎಡಗೈ, ಭುಜ ಅಥವಾ ದವಡೆಗೆ ಹಬ್ಬುವುದು, ತಣ್ಣನೆಯ ಬೆವರು, ಉಸಿರುಕಟ್ಟುವಿಕೆ. ಮಹಿಳೆಯರಲ್ಲಿ ಮತ್ತು ಮಧುಮೇಹಿಗಳಲ್ಲಿ ಎದೆನೋವು ಇಲ್ಲದೆ ಆಯಾಸ ಅಥವಾ ವಾಕರಿಕೆಯಷ್ಟೇ ಕಾಣಬಹುದು. ಇದನ್ನು ವಾಯು ಅಥವಾ ಹುಳಿತೇಗು ಎಂದು ಭಾವಿಸಿ ಬೆಳಗಿನವರೆಗೆ ಕಾಯಬಾರದು. ರೋಗಿಯನ್ನು ಒರಗಿ ಕುಳ್ಳಿರಿಸಿ, ನಡೆಯಲು ಬಿಡದೆ, 108ಕ್ಕೆ ಕರೆ ಮಾಡಬೇಕು. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ನಿಧನರಾದ ನಂತರ ಈ ವಿಷಯದಲ್ಲಿ ನಾಡಿನ ಜನರ ಗಮನ ಹೆಚ್ಚಿತು. ಹೃದಯಾಘಾತಕ್ಕೆ ಒಳಗಾದವರಿಗೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿಯೇ ಆರಂಭಿಕ ಚಿಕಿತ್ಸೆ ದೊರಕಿಸುವ ಯೋಜನೆಯನ್ನು ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿ "ಹೃದಯ ಜ್ಯೋತಿ" ಎಂದು ರೂಪಿಸಿದೆ.

6. ನೀರಿನಲ್ಲಿ ಮುಳುಗಿದಾಗ

ಭದ್ರಾ ಜಲಾಶಯದಿಂದ ಬೆಳೆಗೆ ನೀರು ಹರಿಸುವ ಅವಧಿಯಲ್ಲಿ ನಾಲೆಗಳು ತುಂಬಿ ಹರಿಯುತ್ತವೆ. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ನಾಲೆಯ ಒಳಗಿನ ಸೆಳೆತವು ಬಲವಾಗಿರುತ್ತದೆ. ಪಾಚಿ ಕಟ್ಟಿದ ಇಳಿಜಾರು ಗೋಡೆಯಲ್ಲಿ ಕಾಲೂರಿ ಮೇಲೆ ಬರುವುದು ಈಜು ಬಲ್ಲವರಿಗೂ ಕಷ್ಟ. ಬಟ್ಟೆ ಒಗೆಯಲು, ದನಗಳ ಮೈ ತೊಳೆಯಲು ಅಥವಾ ಈಜಲು ಇಳಿದವರು ಅಪಾಯಕ್ಕೆ ಸಿಲುಕುವುದು ಹೀಗೆಯೇ. ಒಬ್ಬರನ್ನು ರಕ್ಷಿಸಲು ಹಾರಿದ ಇನ್ನೊಬ್ಬರು, ಅವರನ್ನು ರಕ್ಷಿಸಲು ಹಾರಿದ ಮತ್ತೊಬ್ಬರು ಮುಳುಗಿ ಒಂದೇ ಮನೆಯ ಹಲವರು ಜೀವ ಕಳೆದುಕೊಳ್ಳುವ ದುರಂತಗಳು ಮರುಕಳಿಸದಿರಲು ಈ ನಿಯಮವನ್ನು ನೆನಪಿಡಬೇಕು: ಎಸೆಯಿರಿ, ಚಾಚಿರಿ, ಹಾರದಿರಿ.

- ಹಗ್ಗ, ಸೀರೆ, ಪಂಚೆ, ಉದ್ದನೆಯ ಗಳ ಮುಂತಾದುವನ್ನು ದಡದ ಮೇಲೆ ಮಲಗಿಕೊಂಡು ಚಾಚಬೇಕು. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಅಥವಾ ಟ್ಯೂಬನ್ನು ಎಸೆದರೆ ಅದು ತೇಲುವ ಆಸರೆಯಾಗುತ್ತದೆ.
- ಮೇಲೆ ತಂದ ಕೂಡಲೇ ಉಸಿರಾಟವನ್ನು ಪರೀಕ್ಷಿಸಬೇಕು. ಉಸಿರಿಲ್ಲದಿದ್ದಲ್ಲಿ, ಉಸಿರು ನೀಡಲು ಬಲ್ಲವರು ಮೊದಲು 2 ಬಾರಿ ಬಾಯಿಯಿಂದ ಉಸಿರು ನೀಡಿ ನಂತರ 30:2ರ ಕ್ರಮದಲ್ಲಿ ಮುಂದುವರಿಸಬೇಕು. ಮುಳುಗಿದವರಲ್ಲಿ ಮೊದಲು ಕೊರತೆಯಾಗಿರುವುದು ಆಮ್ಲಜನಕವೇ ಆದುದರಿಂದ ಇಲ್ಲಿ ಉಸಿರಿಗೆ ಹೆಚ್ಚಿನ ಮಹತ್ವವಿದೆ.
- ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆಯನ್ನು ಒತ್ತಿ ನೀರು ತೆಗೆಯುವುದು ಇವುಗಳನ್ನು ಮಾಡಲೇಬಾರದು. ಹೊಟ್ಟೆ ಒತ್ತಿದಾಗ ಹೊರಬರುವುದು ಶ್ವಾಸಕೋಶದ ನೀರಲ್ಲ, ಜಠರದ ನೀರು. ಅದು ಉಸಿರುನಾಳಕ್ಕೆ ಇಳಿದು ಸ್ಥಿತಿ ಕೆಡುತ್ತದೆ.
- ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಕಳುಹಿಸಬೇಕು. ಕೆಲವು ಗಂಟೆಗಳ ನಂತರ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು.

7. ಹಾವು ಕಚ್ಚಿದಾಗ

2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವು ಕಡಿತದಿಂದ ಮೃತಪಟ್ಟರು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಇದರಿಂದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕಾಗುತ್ತದೆ.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ನಮ್ಮ ದೇಶದಲ್ಲಿ ಒಂದೇ ಬಗೆಯ ಪ್ರತಿವಿಷದ ಚುಚ್ಚುಮದ್ದನ್ನು ನೀಡಲಾಗುತ್ತದೆ. ಯಾವ ಹಾವು ಎಂದು ತಿಳಿಯದಿದ್ದರೂ ವೈದ್ಯರು ರೋಗಿಯ ಲಕ್ಷಣಗಳನ್ನು ನೋಡಿ ಚಿಕಿತ್ಸೆ ಮಾಡುತ್ತಾರೆ. ಆದುದರಿಂದ ಹಾವನ್ನು ಹುಡುಕಿ ಕೊಲ್ಲುವುದರಲ್ಲಿ ಸಮಯ ಕಳೆಯಬೇಕಾಗಿಲ್ಲ. ಸತ್ತಂತೆ ತೋರುವ ಹಾವಿನ ತಲೆಯೂ ಕಚ್ಚಬಲ್ಲದು.

ಮಾಡಬೇಕಾದುದು:

1. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಓಡಾಡಲು ಬಿಡದೆ ಮಲಗಿಸಬೇಕು. ಚಲನೆಯಿಂದ ವಿಷವು ಬೇಗ ಹರಡುತ್ತದೆ.
2. ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆ, ಗಡಿಯಾರ, ಬಿಗಿಯಾದ ಉಡುಪುಗಳನ್ನು ಊತ ಬರುವ ಮೊದಲೇ ತೆಗೆಯಬೇಕು.
3. ಕಚ್ಚಿದ ಕೈ ಅಥವಾ ಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಹಲಗೆ ಅಥವಾ ಬಿದಿರಿನ ಸೀಳಿನ ಆಸರೆಯಿಂದ, ಬಿಗಿಯದೆ, ಅಲುಗದಂತೆ ಕಟ್ಟಬೇಕು.
4. ಹೊತ್ತುಕೊಂಡು ಅಥವಾ ವಾಹನದಲ್ಲಿ ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಸಾಗಿಸಬೇಕು.
5. ಕಚ್ಚಿದ ಹೊತ್ತು, ರೆಪ್ಪೆ ಜೋಲುವಿಕೆ, ನುಂಗಲು ಕಷ್ಟ, ಒಸಡಿನ ರಕ್ತಸ್ರಾವ ಮುಂತಾದವು ಕಾಣಿಸಿದ ಹೊತ್ತು ಇವುಗಳನ್ನು ವೈದ್ಯರಿಗೆ ತಿಳಿಸಬೇಕು.

ಮಾಡಬಾರದುದು: ಹಗ್ಗ ಅಥವಾ ಬಟ್ಟೆಯಿಂದ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಯಿಂದ ರಕ್ತ ಹೀರುವುದು, ಐಸ್ ಇಡುವುದು, ಸುಡುವುದು, ಮದ್ಯ ಕುಡಿಸುವುದು. ಬಿಗಿದು ಕಟ್ಟಿದ್ದರಿಂದ ರಕ್ತ ಸಂಚಾರ ನಿಂತು ಕೈಕಾಲು ಕಳೆದುಕೊಳ್ಳುವ ಅಪಾಯವಿದೆ. ಈಗಾಗಲೇ ಬಿಗಿಯಾಗಿ ಕಟ್ಟಲಾಗಿದ್ದಲ್ಲಿ ದಾರಿಯಲ್ಲಿ ಅವಸರದಿಂದ ಬಿಚ್ಚದೆ ವೈದ್ಯರ ಸಮ್ಮುಖದಲ್ಲಿಯೇ ಬಿಚ್ಚಿಸಬೇಕು.

ನಾಟಿ ಔಷಧಿ ಅಥವಾ ಮಂತ್ರದಿಂದ ಗುಣವಾಯಿತೆಂಬ ನಂಬಿಕೆಗೆ ಕಾರಣವಿದೆ. ಹೆಚ್ಚಿನ ಹಾವುಗಳು ವಿಷರಹಿತ; ವಿಷದ ಹಾವು ಕೂಡ ಪ್ರತಿ ಸಲವೂ ವಿಷವನ್ನು ಸೇರಿಸುವುದಿಲ್ಲ. ಅಂತಹ ಕಡಿತಗಳು ಯಾವ ಔಷಧಿಯೂ ಇಲ್ಲದೆ ಗುಣವಾಗುತ್ತವೆ. ವಿಷ ಸೇರಿದ ಕಡಿತಕ್ಕೆ ಪ್ರತಿವಿಷವಲ್ಲದೆ ಬೇರೆ ಮದ್ದಿಲ್ಲ. ಎರಡರ ವ್ಯತ್ಯಾಸವನ್ನು ಮನೆಯಲ್ಲಿ ಕುಳಿತು ಅರಿಯಲಾಗದು. ವಿಶೇಷವಾಗಿ ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದಾಗ ನೋವು ಅಥವಾ ಗುರುತು ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಹಾಗೂ ರೆಪ್ಪೆ ಜೋಲುವಿಕೆಯಷ್ಟೇ ಸೂಚನೆಯಾಗಿರುತ್ತದೆ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಮಡಿಸಿ ಬಳಸುವುದು, ರಾತ್ರಿ ಟಾರ್ಚ್ ಹಿಡಿದು ನಡೆಯುವುದು, ತೋಟದಲ್ಲಿ ಗಂಬೂಟು ಧರಿಸುವುದು ಉತ್ತಮ ಮುನ್ನೆಚ್ಚರಿಕೆಗಳು.

8. ವಿದ್ಯುತ್ ಆಘಾತವಾದಾಗ

ತಂತಿಗೆ ಅಂಟಿಕೊಂಡವರನ್ನು ಬರಿಗೈಯಿಂದ ಎಳೆಯಬಾರದು. ಮನೆಯೊಳಗಾದಲ್ಲಿ ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಸಾಧ್ಯವಾಗದಿದ್ದಲ್ಲಿ ಒಣಗಿದ ಹಲಗೆ ಅಥವಾ ರಬ್ಬರಿನ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದ ಬೇರ್ಪಡಿಸಬೇಕು. ಒದ್ದೆಯಾದ ಅಥವಾ ಹಸಿಯಾದ ಕೋಲು ವಿದ್ಯುತ್ತನ್ನು ಹರಿಸುತ್ತದೆ.

ರಸ್ತೆ ಅಥವಾ ತೋಟದ ಹೈಟೆನ್ಷನ್ ತಂತಿಗೆ ಲೋಹದ ದೋಟಿ ಅಥವಾ ಏಣಿ ತಗಲಿದ್ದಲ್ಲಿ ಹತ್ತಿರ ಹೋಗಲೇಬಾರದು. ಒಣಕೋಲೂ ಅಲ್ಲಿ ರಕ್ಷಣೆ ನೀಡುವುದಿಲ್ಲ. ಮೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ, ವಿದ್ಯುತ್ ಕಡಿತವಾಗಿರುವುದು ಖಚಿತವಾದ ನಂತರವೇ ಮುಟ್ಟಬೇಕು. ಬಳಿಕ ಉಸಿರಾಟವನ್ನು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಎದೆ ಒತ್ತಬೇಕು. ಹೊರಗೆ ಸಣ್ಣ ಸುಟ್ಟ ಗುರುತಷ್ಟೇ ಇದ್ದರೂ ಒಳಗೆ ಹೃದಯ ಮತ್ತು ಸ್ನಾಯುಗಳಿಗೆ ಹಾನಿಯಾಗಿರಬಹುದಾದುದರಿಂದ ವೈದ್ಯರಿಗೆ ತೋರಿಸುವುದು ಕಡ್ಡಾಯ.

9. ರಕ್ತಸ್ರಾವ, ಮೂಳೆ ಮುರಿತ ಮತ್ತು ರಸ್ತೆ ಅಪಘಾತ

- ರಕ್ತ ಹರಿಯುತ್ತಿರುವ ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಅಂಗೈಯಿಂದ ಬಿಡದೆ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಇನ್ನೂ ಬಲವಾಗಿ ಒತ್ತಬೇಕು.
- ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದಲ್ಲಿ ಮಾತ್ರ, ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲನ್ನು ಬಿಟ್ಟು, ಅಗಲವಾದ ಬಟ್ಟೆಯಿಂದ ಬಿಗಿದು ಕಟ್ಟಿ, ಕಟ್ಟಿದ ಹೊತ್ತನ್ನು ಬರೆದಿಡಬೇಕು.
- ದೇಹದೊಳಗೆ ನಾಟಿದ ಕಬ್ಬಿಣ, ಗಾಜು ಅಥವಾ ಕೋಲನ್ನು ಕೀಳಬಾರದು. ಅದೇ ರಕ್ತವನ್ನು ತಡೆದು ನಿಲ್ಲಿಸಿರುತ್ತದೆ.
- ಮುರಿದ ಮೂಳೆಯನ್ನು ನೇರಗೊಳಿಸಲು ಯತ್ನಿಸದೆ, ಇದ್ದ ಸ್ಥಿತಿಯಲ್ಲಿಯೇ ಆಸರೆ ಕೊಟ್ಟು ಕಟ್ಟಬೇಕು.
- ಅಡಿಕೆ ಮರದಿಂದ ಬಿದ್ದವರ ಅಥವಾ ವಾಹನ ಡಿಕ್ಕಿ ಹೊಡೆದವರ ಬೆನ್ನುಹುರಿಗೆ ಪೆಟ್ಟಾಗಿರಬಹುದು. ಅವರನ್ನು ಎಬ್ಬಿಸಿ ಕುಳ್ಳಿರಿಸಬಾರದು. ಕೈಕಾಲು ಹಿಡಿದು ಜೋಲಿಯಂತೆ ಎತ್ತಬಾರದು. ಬೆಂಕಿ ಅಥವಾ ಸಂಚಾರದ ಅಪಾಯವಿಲ್ಲದಿದ್ದಲ್ಲಿ ತಲೆ ಮತ್ತು ಕುತ್ತಿಗೆ ಅಲುಗದಂತೆ ಹಿಡಿದು ಆಂಬ್ಯುಲೆನ್ಸ್‌ಗಾಗಿ ಕಾಯಬೇಕು. ಸಾಗಿಸಲೇಬೇಕಾದಲ್ಲಿ ಹಲಗೆ ಅಥವಾ ಬಾಗಿಲಿನ ಮೇಲೆ, ನಾಲ್ಕು ಮಂದಿ ಏಕಕಾಲದಲ್ಲಿ ಎತ್ತಿ ಮಲಗಿಸಬೇಕು.
- ಉಸಿರಾಟಕ್ಕೆ ಅಡ್ಡಿಯಾಗದಿದ್ದಲ್ಲಿ ಹೆಲ್ಮೆಟ್ ತೆಗೆಯಬಾರದು.
- ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಗಾಯಾಳುವಿಗೆ ಕುಡಿಯಲು, ತಿನ್ನಲು ಏನನ್ನೂ ಕೊಡಬಾರದು.

10. ಇತರ ಸಾಮಾನ್ಯ ತುರ್ತು ಸಂದರ್ಭಗಳು

ಸುಟ್ಟ ಗಾಯ: ಸುಟ್ಟ ಭಾಗದ ಮೇಲೆ 20 ನಿಮಿಷಗಳ ಕಾಲ ತಣ್ಣನೆಯ ನೀರನ್ನು ಹರಿಸಬೇಕು. ಐಸ್, ಟೂತ್‌ಪೇಸ್ಟ್, ಶಾಯಿ, ಅರಿಶಿನ, ಎಣ್ಣೆ ಹಚ್ಚಬಾರದು. ಗುಳ್ಳೆಗಳನ್ನು ಒಡೆಯಬಾರದು.

ಗಂಟಲಿನಲ್ಲಿ ಸಿಕ್ಕಿಕೊಂಡಾಗ: ಕೆಮ್ಮಲು ಸಾಧ್ಯವಿದ್ದಲ್ಲಿ ಕೆಮ್ಮಲು ಹೇಳಬೇಕು. ಕೆಮ್ಮು, ಮಾತು ಎರಡೂ ನಿಂತಲ್ಲಿ ಮುಂದಕ್ಕೆ ಬಾಗಿಸಿ, ಎರಡು ಹೆಗಲಮೂಳೆಗಳ ನಡುವೆ 5 ಬಾರಿ ಬಲವಾಗಿ ಹೊಡೆಯಬೇಕು. ಹೋಗದಿದ್ದಲ್ಲಿ ಹಿಂದಿನಿಂದ ಅಪ್ಪಿ ಹೊಕ್ಕುಳಿನ ಮೇಲ್ಭಾಗದಲ್ಲಿ 5 ಬಾರಿ ಒಳಕ್ಕೂ ಮೇಲಕ್ಕೂ ಒತ್ತಬೇಕು. ಶಿಶುಗಳು ಮತ್ತು ತುಂಬು ಗರ್ಭಿಣಿಯರಲ್ಲಿ ಹೊಟ್ಟೆಯ ಬದಲು ಎದೆಯನ್ನು ಒತ್ತಬೇಕು. ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಬಾರದು.

ಕೀಟನಾಶಕ ಸೇವನೆ: ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಮೈಮೇಲೆ ಚೆಲ್ಲಿದ್ದಲ್ಲಿ, ತಮ್ಮ ಕೈಗೆ ತಾಗದಂತೆ ಎಚ್ಚರವಹಿಸಿ ಬಟ್ಟೆ ತೆಗೆದು ಸೋಪು ನೀರಿನಿಂದ ತೊಳೆಯಬೇಕು. ಔಷಧದ ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಬೇಕು.

ಅಪಸ್ಮಾರ (ಮೂರ್ಛೆರೋಗ): ಸುತ್ತಲಿನ ಗಡಸು ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಡಬೇಕು. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಸೆಳೆತ ನಿಂತ ಮೇಲೆ ಮಗ್ಗುಲಿಗೆ ಮಲಗಿಸಬೇಕು. 5 ನಿಮಿಷ ಮೀರಿದಲ್ಲಿ 108ಕ್ಕೆ ಕರೆ ಮಾಡಬೇಕು.

ಪಾರ್ಶ್ವವಾಯು: ಮುಖ ಒಂದು ಬದಿಗೆ ಸೊಟ್ಟಗಾಗುವುದು, ಒಂದು ಕೈ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಕೂಡಲೇ ಹೊರಡಬೇಕು. ರಕ್ತದ ಗರಣೆಯನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗುತ್ತದೆ.

ನಾಯಿ ಕಡಿತ: ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ನಿರೋಧಕ ಲಸಿಕೆಯನ್ನು ಆರಂಭಿಸಬೇಕು. ರೋಗ ಲಕ್ಷಣಗಳು ಕಾಣಿಸಿಕೊಂಡ ನಂತರ ಬದುಕಿಸುವುದು ಅಸಾಧ್ಯಪ್ರಾಯ.

11. ನೆರವು ನೀಡಿದವರಿಗೆ ಕಾನೂನಿನ ರಕ್ಷಣೆ

"ಪೊಲೀಸರು ಕೇಳುತ್ತಾರೆ, ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ" ಎಂಬ ಭಯದಿಂದ ಅನೇಕರು ಗಾಯಾಳುವಿನ ಬಳಿ ನಿಲ್ಲುವುದಿಲ್ಲ. ಈ ಭಯಕ್ಕೆ ಈಗ ಆಧಾರವಿಲ್ಲ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹರೀಶ್ ಎಂಬ ಯುವಕರು ರಸ್ತೆ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು, ಪ್ರಾಣ ಹೋಗುವ ಮುನ್ನ ತಮ್ಮ ಅಂಗಗಳನ್ನು ದಾನ ಮಾಡುವಂತೆ ಕೋರಿದರು. ಅವರ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಅವರ ನೆನಪಿನಲ್ಲಿ ರಾಜ್ಯ ಸರ್ಕಾರವು ಅದೇ ವರ್ಷ "ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ"ಯನ್ನು ಆರಂಭಿಸಿ, ಅಪಘಾತದ ಮೊದಲ 48 ಗಂಟೆಗಳಲ್ಲಿ 25,000 ರೂ.ವರೆಗಿನ ಚಿಕಿತ್ಸೆಯ ವ್ಯವಸ್ಥೆ ಮಾಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ಯೋಜನೆಯಂತೆ ಮೋಟಾರು ವಾಹನ ಅಪಘಾತದ ಗಾಯಾಳುವಿಗೆ, ನಿಗದಿತ ಆಸ್ಪತ್ರೆಗಳಲ್ಲಿ, ಅಪಘಾತವಾದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂ. ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ನೆರವು ನೀಡಿದವರ ಹಕ್ಕುಗಳು ಇಂತಿವೆ:

- ತುರ್ತು ಸ್ಥಿತಿಯಲ್ಲಿರುವವರ ಜೀವ ಉಳಿಸುವುದು ಸರ್ಕಾರಿ ಹಾಗೂ ಖಾಸಗಿ ವೈದ್ಯರೆಲ್ಲರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪು ನೀಡಿದೆ.
- ನೆರವಾದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಅದೇ ನ್ಯಾಯಾಲಯವು 2016ರ ಮಾರ್ಚ್ 30ರಂದು ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಅಧಿನಿಯಮಕ್ಕೆ 134ಎ ಪ್ರಕರಣವನ್ನು ಸೇರಿಸಲಾಯಿತು. ಸದ್ಭಾವನೆಯಿಂದ ನೆರವಾದವರು ಗಾಯಾಳುವಿಗೆ ಆದ ಹಾನಿಗೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಗಾರರಾಗುವುದಿಲ್ಲ.
- ಕರ್ನಾಟಕವು ಈ ವಿಷಯದಲ್ಲಿ 2016ರಲ್ಲಿಯೇ ತನ್ನದೇ ಶಾಸನವನ್ನು ರೂಪಿಸಿದೆ.
- ಹೆಸರು, ವಿಳಾಸ ನೀಡುವಂತೆ ಅಥವಾ ಸಾಕ್ಷಿಯಾಗುವಂತೆ ಬಲವಂತಪಡಿಸುವಂತಿಲ್ಲ. ಆಸ್ಪತ್ರೆಯ ವೆಚ್ಚವನ್ನು ಭರಿಸುವಂತೆ ಕೇಳುವಂತಿಲ್ಲ. ಗಾಯಾಳುವನ್ನು ಸೇರಿಸಿ ಕೂಡಲೇ ಹೊರಡಬಹುದು.
- ತೀವ್ರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದವರಿಗೆ ನೀಡುವ ಕೇಂದ್ರ ಸರ್ಕಾರದ ನಗದು ಬಹುಮಾನವನ್ನು 2025ರಲ್ಲಿ 5,000 ರೂ.ನಿಂದ 25,000 ರೂ.ಗೆ ಹೆಚ್ಚಿಸಲಾಗಿದೆ.

12. ದಾಖಲೆಗಳ ಕುರಿತು

ಗುರುತಿನ ಚೀಟಿ, ಪಡಿತರ ಚೀಟಿ ಅಥವಾ ಆರೋಗ್ಯ ಕಾರ್ಡ್ ಹುಡುಕುವುದಕ್ಕಾಗಿ ರೋಗಿಯನ್ನು ಸಾಗಿಸಲು ತಡಮಾಡಬಾರದು. ತುರ್ತು ಚಿಕಿತ್ಸೆ ಆರಂಭವಾದ ನಂತರ ಮನೆಯವರು ಅವುಗಳನ್ನು ತಂದು ಹಾಜರುಪಡಿಸಬಹುದು. ಅಪಘಾತ, ವಿಷ ಸೇವನೆ, ವಿದ್ಯುತ್ ಆಘಾತದಂತಹ ಪ್ರಕರಣಗಳಲ್ಲಿ ಆಸ್ಪತ್ರೆಯೇ ಪೊಲೀಸರಿಗೆ ಮಾಹಿತಿ ನೀಡುತ್ತದೆ. ಹೊರರೋಗಿ ಚೀಟಿ, ಬಿಡುಗಡೆ ಪತ್ರ ಹಾಗೂ ಪರೀಕ್ಷಾ ವರದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ವಿಮೆ ಅಥವಾ ಪರಿಹಾರಕ್ಕಾಗಿ ಅರ್ಜಿ ಸಲ್ಲಿಸುವಾಗ ಇವು ಅಗತ್ಯವಾಗುತ್ತವೆ. ಆಸ್ಪತ್ರೆಗೆ ಹೋಗದೆ ಮನೆಯಲ್ಲಿಯೇ ಮೃತಪಟ್ಟ ಹಾವು ಕಡಿತದ ಪ್ರಕರಣಗಳಲ್ಲಿ ಕಾರಣವನ್ನು ಸ್ಥಾಪಿಸುವುದು ಕುಟುಂಬದವರಿಗೆ ಕಷ್ಟವಾಗುತ್ತದೆ.

13. ಪೂರ್ವಸಿದ್ಧತೆ

ಪ್ರತಿಯೊಂದು ಮನೆ, ಅಂಗಡಿ, ವಿದ್ಯಾರ್ಥಿನಿಲಯ ಹಾಗೂ ವಾಹನದಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಿರಬೇಕು. ಅದರಲ್ಲಿ ಶುದ್ಧ ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ಹತ್ತಿ, ಅಂಟುಪಟ್ಟಿ, ಕತ್ತರಿ, ಕೈಗವಸು, ನಂಜುನಿರೋಧಕ ದ್ರಾವಣ, ತ್ರಿಕೋನಾಕಾರದ ಬಟ್ಟೆ, ಓ.ಆರ್.ಎಸ್. ಪೊಟ್ಟಣ, ಟಾರ್ಚ್ ಇವು ಇರತಕ್ಕದ್ದು. ಅವಧಿ ಮೀರಿದ ವಸ್ತುಗಳನ್ನು ಬದಲಾಯಿಸಬೇಕು. 108, 112 ಹಾಗೂ 1912 ಸಂಖ್ಯೆಗಳನ್ನೂ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಂಖ್ಯೆಯನ್ನೂ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆಯಿಸಬೇಕು. ಹಾವು ಕಡಿತಕ್ಕೆ ಪ್ರತಿವಿಷವು ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ವೇಳೆಯೂ ದೊರೆಯುತ್ತದೆ ಎಂಬುದನ್ನು ಮಳೆಗಾಲಕ್ಕೆ ಮುನ್ನವೇ ವಿಚಾರಿಸಿ ತಿಳಿದಿರಬೇಕು.

ಓದಿನಿಂದ ತಿಳಿವಳಿಕೆ ಬರುತ್ತದೆ; ಕೈಗೆ ಅಭ್ಯಾಸವು ತರಬೇತಿಯಿಂದ ಮಾತ್ರ ಬರುತ್ತದೆ. ಭಾರತೀಯ ರೆಡ್ ಕ್ರಾಸ್ ಸಂಸ್ಥೆ ಮತ್ತು ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸಾ ತರಬೇತಿಯನ್ನು ನೀಡುತ್ತವೆ. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಎರಡನೆಯ ಶನಿವಾರವನ್ನು ವಿಶ್ವ ಪ್ರಥಮ ಚಿಕಿತ್ಸಾ ದಿನವೆಂದು ಆಚರಿಸಲಾಗುತ್ತದೆ. ಗ್ರಾಮ ಪಂಚಾಯಿತಿ, ಸ್ವಸಹಾಯ ಸಂಘ, ಹಾಲು ಉತ್ಪಾದಕರ ಸಂಘ ಹಾಗೂ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು ಆ ದಿನವನ್ನು ಬಳಸಿಕೊಂಡು ತಮ್ಮ ಊರಿನಲ್ಲಿ ತರಬೇತಿಯನ್ನು ಏರ್ಪಡಿಸಬಹುದು. ಒಂದು ಬೀದಿಯಲ್ಲಿ ಎದೆ ಒತ್ತಲು ಬಲ್ಲವರು ಇಬ್ಬರಿದ್ದರೆ, ಭದ್ರಾವತಿಯಿಂದ ವಾಹನ ಬರುವ ಆ 18 ನಿಮಿಷಗಳನ್ನು ದಾಟಿಸಲು ಸಾಧ್ಯ.

ಸಾರ್ವಜನಿಕರು ಈ ಮಾಹಿತಿಯನ್ನು ಓದಿ, ಮನೆಯ ಹಿರಿಯರಿಗೂ ಮಕ್ಕಳಿಗೂ ತಿಳಿಸಿ, ಇದರ ಸದುಪಯೋಗವನ್ನು ಪಡೆದುಕೊಳ್ಳಲು ಕೋರಲಾಗಿದೆ.